ಅಪ್ಪನ ಮೆದು ನೀರು

ನೀರಿನ ವಿಷಯ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರಾದರೂ ಮನೆಗೆ ಕರೆದು, ಹೊಸದಾಗಿ ಮೆಷಿನ್ ಹಾಕಿಸಿದ್ದೀವಿ, ಎಂಥ ನೀರು ನೋಡಿ ಎಂದು ಲೋಟ ಮುಂದೆ ಹಿಡಿದರೆ, ಅದಕ್ಕೆ ಏನು ಹಾಕಿದ್ದೀರಿ ಎಂದು ಮೊದಲು ಕೇಳಿಬಿಡುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಆಗಲಿ, ನನಗೇನು. ನಮ್ಮಪ್ಪನನ್ನು ಯಾರೂ ಆ ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದರಿಂದ ನಮ್ಮಮ್ಮ ಸಾಯುವುದರಲ್ಲಿದ್ದಳು, ಸಾಯಿಸುತ್ತಿರುವವಳು ನಾನು ಎಂದು ಕ್ವಾರ್ಟರ್ಸಿನ ನಮ್ಮ ಸಾಲೆಲ್ಲ ಮಾತಾಡಿಕೊಂಡಿತು.

ಅಪ್ಪ ಮೈಸೂರು ಕಡೆಯವರು. ಕೆ.ಜಿ.ಎಫ್. ಎಂದರೆ ಎಲ್ಲರೂ ಚಿನ್ನದ ಗಣಿ ಅಂದುಕೊಳ್ಳುತ್ತಾರೆ, ಅಪ್ಪನ ಕೆಲಸ ಗಣಿಯಲ್ಲಲ್ಲ, ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ. ಕೆಲಸಕ್ಕೆ ಬಂದ ಕಡೆಯೇ ಹೆಣ್ಣು ನೋಡಿ ಮದುವೆಯಾದರು. ಅಮ್ಮ ಬಂಗಾರಪೇಟೆಯ ಹತ್ತಿರದ ಹಳ್ಳಿಯ ಒಕ್ಕಲು ಮನೆಯವಳು. ಅವಳು ‘ಓಗ್ತೀನಿ’ ಅಂದರೆ ಅಪ್ಪ ‘ಹೋಗ್ತೀನಿ’ ಎಂದು ತಿದ್ದುತ್ತಿದ್ದರು. ಬಂದವರ ಎದುರಿಗೂ ತಿದ್ದುತ್ತಿದ್ದರು, ನಗುತ್ತಾ. ಊಟ ಆಯಿತಾ ಎಂದು ಅಮ್ಮನನ್ನು ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಅಮ್ಮನಿಗೆ ಒಂದು ಸೀರೆ ತಂದದ್ದೂ ನೆನಪಿಲ್ಲ, ತವರಿನಿಂದಲೇ ಬರುತ್ತಿತ್ತು. ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಅಷ್ಟಕ್ಕೇ ಅಮ್ಮನ ತವರಿನವರು ಅವರನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ನಮ್ಮ ಕ್ವಾರ್ಟರ್ಸಿಗೆ ಬರುತ್ತಿದ್ದದ್ದು ಕೊಳವೆಬಾವಿಯ ನೀರು. ದಿನ ಬಿಟ್ಟು ದಿನ ನಲ್ಲಿಯಲ್ಲಿ ಬರುತ್ತಿತ್ತು. ಸೌಳೆಂದರೆ ಅಂಥ ಸೌಳು ನೀರು ನಾನು ಬೇರೆಲ್ಲೂ ಕಂಡಿಲ್ಲ. ಸೋಪು ಹಚ್ಚಿದರೆ ನೊರೆ ಬರುವ ಬದಲು ಒಡೆದ ಹಾಲಿನ ಹಾಗೆ ಗಸಿ ಬರುತ್ತಿತ್ತು. ಸ್ನಾನದ ಹಂಡೆಯ ಒಳಗೆ ಬೆರಳು ದಪ್ಪ ಬಿಳಿ ಪದರ ಕಟ್ಟುತ್ತಿತ್ತು. ತೊಗರಿಬೇಳೆಯನ್ನು ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ನಿಲ್ಲುತ್ತಿತ್ತು, ಸೋಡಾ ಹಾಕದೆ ಬೇಯುತ್ತಿರಲಿಲ್ಲ. ಬೇಯದ ಬೇಳೆಯ ಸಾರು ತಟ್ಟೆಗೆ ಬಿದ್ದ ದಿನ ಅಪ್ಪ ಮಾತಾಡದೆ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದುಬಿಡುತ್ತಿದ್ದರು. ನೀರಿನ ತಪ್ಪು ಅಮ್ಮನ ಲೆಕ್ಕಕ್ಕೆ.

ಬಾಯ್ಲರಿಗೆ ಸೌಳು ನೀರು ಆಗದು, ಪೈಪಿನೊಳಗೆ ಪಾಚಿ ಕಟ್ಟಿದ ಹಾಗೆ ಸುಣ್ಣ ಕಟ್ಟುತ್ತದೆ. ಅದಕ್ಕೆ ಕಾರ್ಖಾನೆಯಲ್ಲಿ ನೀರನ್ನು ಮೊದಲು ಮೆದು ಮಾಡುತ್ತಿದ್ದರು. ರಾಗಿ ಕಾಳಿನಂಥ ಕಂದು ಬಣ್ಣದ ಗುಂಡುಗಳು, ರೆಸಿನ್ ಅನ್ನುತ್ತಾರೆ, ದೊಡ್ಡ ತೊಟ್ಟಿಯಲ್ಲಿ ತುಂಬಿರುತ್ತಾರೆ. ನೀರು ಅದರೊಳಗೆ ಇಳಿದು ಬಂದರೆ ಸುಣ್ಣವನ್ನು ಆ ಗುಂಡುಗಳು ಹಿಡಿದುಕೊಂಡು ಬದಲಿಗೆ ತಮ್ಮಲ್ಲಿರುವ ಉಪ್ಪಿನ ಅಂಶವನ್ನು ನೀರಿಗೆ ಬಿಡುತ್ತವೆ. ಕೆಲವು ದಿನಕ್ಕೆ ಗುಂಡುಗಳು ಸೋಲುತ್ತವೆ. ಆಗ ಗಟ್ಟಿ ಉಪ್ಪುನೀರು ಹುಯ್ದು, ಚೆನ್ನಾಗಿ ತೊಳೆದರೆ ಮತ್ತೆ ಜೀವ ಬರುತ್ತದೆ. ಇದನ್ನೇ ಅಪ್ಪ ಜೀವಮಾನವೆಲ್ಲ ಮಾಡಿದ್ದು. ಒಂದು ಸಲ ಕಾರ್ಖಾನೆಯವರು ಹಳೆಯ ರೆಸಿನ್ ಎಸೆದರು. ಅಪ್ಪ ಅದನ್ನು ಕೇಳಿ ಪಡೆದು ಮನೆಗೆ ತಂದು, ಹಿತ್ತಿಲಲ್ಲಿ ಒಂದು ಸಿಮೆಂಟ್ ಪೈಪನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಮರಳು, ಮೇಲೆ ರೆಸಿನ್ ತುಂಬಿ, ಬುಡಕ್ಕೆ ಒಂದು ನಲ್ಲಿ ಕೂರಿಸಿದರು.

ಅಲ್ಲಿಂದ ಅವರ ದರ್ಬಾರು ಶುರುವಾಯಿತು. ಭಾನುವಾರ ಬೆಳಿಗ್ಗೆ ಅಕ್ಕಪಕ್ಕದವರನ್ನು ಕರೆದು, ಒಂದು ಗಾಜಿನ ಬಾಟಲಿಗೆ ಬೀದಿ ನಲ್ಲಿಯ ನೀರು, ಇನ್ನೊಂದಕ್ಕೆ ತಮ್ಮ ನೀರು ಹಾಕಿ, ಎರಡಕ್ಕೂ ಸೋಪಿನ ದ್ರಾವಣ ನಾಲ್ಕು ತೊಟ್ಟು ಬಿಟ್ಟು ಕುಲುಕುತ್ತಿದ್ದರು. ಅದರಲ್ಲಿ ಗಸಿ, ಇದರಲ್ಲಿ ಕುತ್ತಿಗೆವರೆಗೂ ನೊರೆ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಬೇಳೆ ಬೇಯಿಸಲು ಒಂದು ಬಿಂದಿಗೆ ಕೊಡಿ ಎಂದು ಕೇಳುತ್ತಿದ್ದರು. ಅಪ್ಪ ಬೆಟ್ಟದ ಮೇಲೆ ಕೂತವರ ಹಾಗೆ ಕೂತು, ಕೊಡು ಎಂದು ಅಮ್ಮನಿಗೆ ಕಣ್ಣಲ್ಲೇ ಹೇಳುತ್ತಿದ್ದರು. ಹೊತ್ತು ಕೊಡುವವಳು ಅಮ್ಮ.

ನಾನು ಪಿಯುಸಿ ಮುಗಿಸಿ ರಾಬರ್ಟ್‌ಸನ್‌ಪೇಟೆಯಲ್ಲಿ ಟೈಪಿಂಗ್ ಕಲಿಯುತ್ತಿದ್ದ ವರ್ಷ ಅಮ್ಮನ ಕಾಲು ಊದತೊಡಗಿತು. ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ಬಿ.ಪಿ. ನೋಡಿ, ರಕ್ತ ಮೂತ್ರ ನೋಡಿ, ಕಿಡ್ನಿ ಸೋಲುತ್ತಿದೆ ಅಂದರು. ಡಾಕ್ಟರು ಮೊದಲು ಹೇಳಿದ್ದು ಒಂದೇ: ಉಪ್ಪು ಬಿಡಬೇಕು. ಉಪ್ಪಿನಕಾಯಿ, ಹಪ್ಪಳ ಎಲ್ಲ ಬಂದ್. ಅಮ್ಮ ಸಪ್ಪೆ ಮುದ್ದೆ, ಸಪ್ಪೆ ಸಾರು ತಿನ್ನಲು ಶುರುಮಾಡಿದಳು.

ಅಪ್ಪ ಆಸ್ಪತ್ರೆಯಿಂದ ಬಂದವರೇ ಹಿತ್ತಿಲಿಗೆ ಹೋಗಿ ಪೈಪಿನ ಮುಂದೆ ತುಂಬ ಹೊತ್ತು ನಿಂತಿದ್ದರು. ಅವರ ಯೋಚನೆ ನನಗೆ ಆಮೇಲೆ ತಿಳಿಯಿತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಮೆದು ನೀರಿನಲ್ಲಿ ಉಪ್ಪಿನ ಅಂಶ ಇರುತ್ತದೆ. ಸಾರಿನಲ್ಲಿ ಉಪ್ಪು ಬಿಟ್ಟು ನೀರಿನಲ್ಲಿ ಕುಡಿದರೆ ಏನು ಬಂತು? ಪೈಪನ್ನೇ ಕಿತ್ತು ಹಾಕಿ ಸೌಳು ನೀರು ಕುಡಿಯುವುದು ಸುಲಭದ ದಾರಿ. ಅದನ್ನು ಅವರು ಹೇಗೆ ಮಾಡಿಯಾರು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎರಡು ವಾರದಲ್ಲಿ, ಇನ್ನು ಮೇಲೆ ಈ ನೀರಲ್ಲಿ ಉಪ್ಪೇ ಇಲ್ಲ, ಇವಳಿಗೋಸ್ಕರ ಬೇರೆ ವ್ಯವಸ್ಥೆ ಮಾಡಿದ್ದೀನಿ ಎಂದು ಎಲ್ಲರಿಗೂ ಹೇಳಿದರು. ಏನು ವ್ಯವಸ್ಥೆ ಎಂದು ಯಾರೂ ಕೇಳಲಿಲ್ಲ. ಬಾಯ್ಲರ್ ಮನೆಯ ಮನುಷ್ಯ, ನೀರಿನ ವಿಷಯದಲ್ಲಿ ಅವರನ್ನು ಕೇಳುವವರು ಯಾರು? ಬಾಟಲಿ ಕುಲುಕಿ ತೋರಿಸಿದರು. ನೊರೆ ಬಂತು.

ಒಂದು ತಿಂಗಳು ಚೆನ್ನಾಗಿತ್ತು. ಕಾಲಿನ ಊತ ಸ್ವಲ್ಪ ಇಳಿಯಿತು. ಆಮೇಲೆ ಬೇರೆ ಥರ ಶುರುವಾಯಿತು. ಅಮ್ಮ ಕುಕ್ಕರುಗಾಲಲ್ಲಿ ಕೂತರೆ ಏಳಲಾರಳು. ತೊಡೆಯಲ್ಲಿ ಶಕ್ತಿಯೇ ಇಲ್ಲ, ಬಾಯಿ ಸುತ್ತ ಜುಮುಜುಮು ಅನ್ನುತ್ತದೆ, ಎದೆಯೊಳಗೆ ಏನೋ ತಪ್ಪಿ ತಪ್ಪಿ ಹೊಡೆಯುತ್ತದೆ ಅನ್ನುವಳು. ಡಾಕ್ಟರು ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು, ಮತ್ತೊಮ್ಮೆ ಹಿಡಿದರು. ರಕ್ತವನ್ನು ಬೇರೆ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಉತ್ತರ ಬಂದಾಗ, ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ, ಒಳ್ಳೆ ಕಿಡ್ನಿ ಆದರೆ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ, ಇವರದ್ದು ಹಾಕುತ್ತಿಲ್ಲ, ಹೀಗೇ ಏರಿದರೆ ಒಂದು ದಿನ ಹೃದಯ ಸುಮ್ಮನೆ ನಿಂತುಹೋಗುತ್ತದೆ ಎಂದರು. ಸುಮ್ಮನೆ ನಿಂತುಹೋಗುತ್ತದೆ ಎಂಬ ಮಾತನ್ನು ಅವರು ಬಸ್ಸಿನ ಹೊತ್ತು ಹೇಳುವಷ್ಟು ಸಲೀಸಾಗಿ ಹೇಳಿದರು.

ಎಳನೀರು ಬೇಡ, ಬಾಳೆಹಣ್ಣು ಬೇಡ, ಕಿತ್ತಲೆ ಬೇಡ, ಆಲೂಗಡ್ಡೆ ಬೇಡ, ಸೊಪ್ಪು ಬೇಡ. ತರಕಾರಿ ಬೇಕೇ ಬೇಕೆಂದರೆ ಸಣ್ಣಗೆ ಹೆಚ್ಚಿ, ಬಿಸಿ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ಮತ್ತೆ ಬೇರೆ ನೀರಲ್ಲಿ ಬೇಯಿಸಿ, ಅದನ್ನೂ ಚೆಲ್ಲಿ ಕೊಡಬೇಕು. ಆ ಕೆಲಸ ನಾನು ವಹಿಸಿಕೊಂಡೆ. ಹೀರೇಕಾಯಿ, ಸೋರೆಕಾಯಿ, ಏನೇ ಆಗಲಿ, ಎರಡು ನೀರು ಹಾಕಿ ತೆಗೆಯುತ್ತಿದ್ದೆ. ಯಾವ ನೀರು? ಅಪ್ಪನ ಮೆದು ನೀರು. ಒಳ್ಳೆ ನೀರು ಮನೆಯಲ್ಲಿರುವಾಗ ಸೌಳು ನೀರಲ್ಲಿ ನೆನೆಸುವ ದಡ್ಡಿಯೇ ನಾನು?

ಈಗ ನನ್ನ ತಪ್ಪು. ಒಂದು ತಪ್ಪು ನಾನು ಮಾಡಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಹಿತ್ತಿಲಲ್ಲಿ ಒಂದು ಗಿಡ್ಡ ತಳಿಯ ತೆಂಗಿನಮರ ಇತ್ತು, ನೆಲದಿಂದ ಕೈಚಾಚಿದರೆ ಕಾಯಿ ಸಿಗುವಷ್ಟು ಗಿಡ್ಡ. ಕಾಯಿಲೆ ಗೊತ್ತಾಗುವ ಮೊದಲು ಅಮ್ಮನಿಗೆ ದಿನವೂ ಎಳನೀರು ಕೊಡುತ್ತಿದ್ದವಳು ನಾನೇ. ಡಾಕ್ಟರು ಬೇಡ ಎಂದ ನಾಲ್ಕನೇ ದಿನವೋ ಐದನೇ ದಿನವೋ, ಬಾಯಿ ಒಣಗಿ, ಒಂದು ಗುಟುಕು ಕೊಡೇ ಎಂದು ಅಮ್ಮ ಗೋಗರೆದಳು. ಅರ್ಧ ಲೋಟ ಕೊಟ್ಟೆ. ಒಂದೇ ಒಂದು ಸಲ. ಬುರುಡೆಯನ್ನು ಬೇಲಿಯ ಆಚೆಗೆ ಎಸೆಯುವಷ್ಟು ಬುದ್ಧಿಯೂ ಇರಲಿಲ್ಲ. ಅಪ್ಪ ಕೆಲಸದಿಂದ ಬಂದು ಅದನ್ನು ನೋಡಿದರು.

ಅದಾಗಿ ಕೆಲವು ವಾರಕ್ಕೆ ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಸಿದು ಬಿದ್ದಳು. ಆಸ್ಪತ್ರೆಗೆ ಸೇರಿಸಿದೆವು. ಇಂಜೆಕ್ಷನ್ ಕೊಟ್ಟರು, ಗ್ಲೂಕೋಸ್ ಹಾಕಿದರು, ಎಂಥದೋ ಪುಡಿ ಕುಡಿಸಿದರು. ಐದು ದಿನದಲ್ಲಿ ಎದ್ದು ಕೂತಳು, ನರ್ಸಮ್ಮನ ಜೊತೆ ತಮಿಳಿನಲ್ಲಿ ಹರಟೆ ಹೊಡೆದಳು. ಮನೆಗೆ ಕರೆತಂದ ಮೂರು ವಾರಕ್ಕೆ ಮತ್ತೆ ತೊಡೆ ಸೋತಿತು, ಮತ್ತೆ ರಕ್ತದಲ್ಲಿ ಏರಿತು. ಮತ್ತೆ ಆಸ್ಪತ್ರೆ, ಮತ್ತೆ ಇಳಿಯಿತು. ಡಾಕ್ಟರಿಗೆ ರೇಗಿತು. ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು:

“ಇಲ್ಲಿದ್ದರೆ ಇಳಿಯುತ್ತೆ, ಮನೆಗೆ ಹೋದರೆ ಏರುತ್ತೆ. ಮನೇಲಿ ಯಾರೋ ಏನೋ ಕೊಡ್ತಾ ಇದೀರಿ. ಇನ್ನೊಂದು ಸಲ ಹೀಗಾದರೆ ನನ್ನ ಕೈಲಿ ಆಗಲ್ಲ.”

ಅಪ್ಪ ನನ್ನ ಕಡೆ ತಿರುಗಿ ನೋಡಿದರು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೊರಗೆ ಬಂದು, ಬಸ್‌ಸ್ಟಾಪಿನಲ್ಲಿ ಜನರ ಮಧ್ಯೆ, ದನಿ ಎತ್ತದೆ, “ಉಪ್ಪು ತಿಂದವರು ನೀರು ಕುಡಿಯಲೇಬೇಕು. ನೆನಪಿಟ್ಕೋ,” ಎಂದರು. ನಾನು ಕೊಟ್ಟಿಲ್ಲ ಎಂದೆ. ಬುರುಡೆ ನಾನು ನೋಡಿದೀನಿ ಎಂದರು. ಅದು ಒಂದೇ ಸಲ, ಅರ್ಧ ಲೋಟ ಎಂದೆ. ಕದ್ದವರು ಎಲ್ಲರೂ ಒಂದೇ ಸಲ ಅನ್ನೋದು ಎಂದು ಬಸ್ ಹತ್ತಿದರು.

ಪಕ್ಕದ ಮನೆಯಲ್ಲಿ ಊರಿಗಾಂನ ಗಣಿ ಕೂಲಿಗಳ ಲೈನಿನಿಂದ ಬಂದ ಒಬ್ಬ ತಮಿಳು ಅಕ್ಕ ಇದ್ದಳು, ಅವಳ ಅಪ್ಪ ಗಣಿಯ ಅದಿರು ಅರೆಯುವ ಮಿಲ್ಲಿನಲ್ಲಿ ಇದ್ದವನು. ಅಮ್ಮನಿಗೆ ಏನಾಗಿದೆ ಎಂದು ಕೇಳಿದಳು. ರಕ್ತದಲ್ಲಿ ಪೊಟ್ಯಾಸಿಯಂ ಇದೆ ಎಂದು ನಾನು ಹೇಳಿದೆ. ಅವಳು ಕಣ್ಣು ಅಗಲಿಸಿದಳು. ನಮ್ಮೂರಲ್ಲಿ ಆ ಹೆಸರಿನ ಜೊತೆ ಸೈನೈಡ್ ಎಂಬ ಇನ್ನೊಂದು ಹೆಸರನ್ನು ಸೇರಿಸದೆ ಹೇಳುವವರೇ ಇರಲಿಲ್ಲ. ಚಿನ್ನ ತೆಗೆಯಲು ಹಾಕುವ ವಿಷ ಅದು. ಗುಡ್ಡಗುಡ್ಡವಾಗಿ ಬಿದ್ದ ಮಣ್ಣನ್ನೇ ಸೈನೈಡ್ ದಿಬ್ಬ ಎಂದು ಕರೆಯುವ ಊರು. ಇದು ಅದಲ್ಲಕ್ಕಾ, ಬಾಳೆಹಣ್ಣಿನಲ್ಲಿರೋದು ಎಂದು ಎಷ್ಟು ಬಿಡಿಸಿ ಹೇಳಿದರೂ ಕೇಳಲಿಲ್ಲ. ಸಂಜೆಯೊಳಗೆ ಸಾಲೆಲ್ಲ ಸುದ್ದಿ: ಮಗಳು ತಾಯಿಗೆ ಏನೋ ಹಾಕುತ್ತಿದ್ದಾಳೆ, ಡಾಕ್ಟರೇ ಕಂಡುಹಿಡಿದಿದ್ದಾರೆ, ಮದುವೆ ಮಾಡಲಿಲ್ಲ ಅಂತ ಸಿಟ್ಟಂತೆ. ಜನರ ಬಾಯಿಗೆ ಬೀಗ ಹಾಕುವವರು ಯಾರು? ನಲ್ಲಿಯ ಹತ್ತಿರ ನಾನು ಬಿಂದಿಗೆ ಇಟ್ಟರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅದೇ ಹೆಂಗಸರು ಹಿಂದಿನ ಬಾಗಿಲಿಂದ ಬಂದು ಅಪ್ಪನ ನೀರು ಹೊತ್ತುಕೊಂಡು ಹೋಗುತ್ತಿದ್ದರು. ಅವರ ಕಿಡ್ನಿ ನೆಟ್ಟಗಿತ್ತು, ಅವರಿಗೇನೂ ಆಗಲಿಲ್ಲ.

ಮುಂದಿನ ಭಾನುವಾರ ಅಪ್ಪ ಕೊಡಲಿ ಹಿಡಿದು ಹಿತ್ತಿಲಿಗೆ ಹೋದರು. ಗಿಡ್ಡ ಮರ, ಬಹಳ ಹೊತ್ತು ಹಿಡಿಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದಳು. ಮರ ಬಿದ್ದ ಮೇಲೆ ಅಪ್ಪ ಕೈ ತೊಳೆದುಕೊಂಡು ಬಂದು, ಇವತ್ತಿನಿಂದ ಅಮ್ಮನಿಗೆ ನೀರು, ಊಟ, ಮಾತ್ರೆ ಯಾವುದನ್ನೂ ನೀನು ಮುಟ್ಟಕೂಡದು, ಎಲ್ಲ ನಾನೇ ಕೊಡುತ್ತೇನೆ ಎಂದರು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಚೊಂಬು ತುಂಬ ನೀರು ಹಿಡಿದು ಅಮ್ಮನ ಹಾಸಿಗೆ ಪಕ್ಕ ಇಟ್ಟು, ಮೇಲೆ ಲೋಟ ಮುಚ್ಚಿ ಹೋಗುತ್ತಿದ್ದರು. ಬಂದ ಮೇಲೆ ಕುಡಿದಿದ್ದಾಳಾ ನೋಡುತ್ತಿದ್ದರು. ಇಪ್ಪತ್ತೈದು ವರ್ಷದಲ್ಲಿ ಅವರು ಅಮ್ಮನಿಗೆ ಒಂದು ಲೋಟ ನೀರು ತಂದುಕೊಟ್ಟದ್ದನ್ನು ಆಗಲೇ ನಾನು ಮೊದಲು ನೋಡಿದ್ದು.

ನಾನು ಏನೂ ಮುಟ್ಟದೆ ಇದ್ದರೂ ಅಮ್ಮ ಇನ್ನೂ ಸೋತಳು. ಮರವೂ ಇಲ್ಲ, ನಾನೂ ಇಲ್ಲ. ಆದರೂ ಏರುತ್ತಿದೆ ಎಂದರೆ ಬುದ್ಧಿಯಿರುವ ಮನುಷ್ಯ ಏನು ಯೋಚಿಸಬೇಕು? ಅಪ್ಪ ಯೋಚಿಸಿದ್ದು, ನಾನು ಆಂಡರ್ಸನ್‌ಪೇಟೆಯಿಂದ ಎಳನೀರು ತಂದು ಕದ್ದು ಕೊಡುತ್ತಿದ್ದೇನೆ ಎಂದು. ನನ್ನ ಟೈಪಿಂಗ್ ಚೀಲವನ್ನು ಬಾಗಿಲಲ್ಲೇ ತೆರೆದು ನೋಡುತ್ತಿದ್ದರು. ಒಂದು ದಿನ ಅಮ್ಮನ ಎದುರಿಗೇ ಕೇಳಿದೆ: ನೀನಾದರೂ ಹೇಳಮ್ಮ, ನಾನು ಕೊಡ್ತಾ ಇದೀನಾ? ಅಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಸುಸ್ತಿಗೆ ಅಂದುಕೊಂಡೆ.

ಆ ಹೊತ್ತಿಗೆ ಮಾವ ಬಂದ. ಅಮ್ಮನ ತಮ್ಮ, ಊರಲ್ಲಿ ಆಲೂಗಡ್ಡೆ, ಟೊಮೇಟೊ ಬೆಳೆಯುತ್ತಿದ್ದ, ಎರಡು ಹಸು ಕಟ್ಟಿದ್ದ. ಬಂಗಾರಪೇಟೆಯಲ್ಲಿ ಚಿಕ್ಕ ರೈಲು ಹತ್ತಿ ಅಕ್ಕನನ್ನು ನೋಡಲು ಬಂದಿದ್ದ. ಅಕ್ಕನ ಮುಖ ನೋಡಿ, ಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಅವತ್ತು ಅಪ್ಪನಿಗೆ ರಜೆ. ಪೈಪಿನ ಬುಡದಲ್ಲಿ ಕೂತು ನಲ್ಲಿಯ ವಾಷರ್ ಬದಲಿಸುತ್ತಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ.

“ಬಾವ, ಮರ ಎಲ್ಲೋಯ್ತು?”

ಕಡಿದೆ ಎಂದರು ಅಪ್ಪ. ಯಾವಾಗ ಎಂದ ಮಾವ. ಎರಡು ತಿಂಗಳಾಯಿತು ಎಂದರು. ಮಾವ ಮೋಟು ಬುಡವನ್ನು ಕಾಲಿನಿಂದ ಒಮ್ಮೆ ಒದ್ದು ನೋಡಿದ.

“ನಮ್ಮ ಮನೇಲಿ ಪೊಟ್ಯಾಷ್ ಗೊಬ್ರ ಇಸ್ಕಂಡ್ ಬಂದ್ರಿ, ಈ ಮರಕ್ಕೇ ಅಂದ್ಕಂಡೆ. ಓದ್ ತಿಂಗ್ಳೂ ಬಂದು ಇನ್ನರ್ಧ ಮೂಟೆ ಇಸ್ಕಂಡ್ರಲ್ಲ ಬಾವ. ಅದ್ನ ಯಾವ ಮರಕ್ಕೆ ಆಕುದ್ರಿ?”

ಅಪ್ಪ ವಾಷರ್ ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಸುಳ್ಳು ಹೇಳಬಹುದಿತ್ತು. ಅವರು ಸುಳ್ಳು ಹೇಳುವ ಜಾತಿಯವರಲ್ಲ, ಆ ಒಂದು ಮಾತು ಒಪ್ಪುತ್ತೇನೆ. ನೀರಿಗೆ ಎಂದರು. ಯಾವ ನೀರಿಗೆ ಎಂದ ಮಾವ. ಅಪ್ಪ ಪೈಪಿನ ಕಡೆ ಕೈ ತೋರಿಸಿದರು. ಉಪ್ಪಿನ ಬದಲು ಪೊಟ್ಯಾಷ್ ನೀರು ಹುಯ್ದರೂ ರೆಸಿನ್ನಿಗೆ ಜೀವ ಬರುತ್ತದೆ ಎಂದು ಕಾರ್ಖಾನೆಯ ಹಳೆಯ ಫೋರ್‌ಮನ್ ಹಿಂದೆ ಯಾವಾಗಲೋ ಹೇಳಿದ್ದನಂತೆ. ಗೊಬ್ಬರವನ್ನು ಬಕೆಟ್ಟಿನಲ್ಲಿ ಕರಗಿಸಿ, ಕೆಂಪು ಗಸಿ ಕೆಳಗೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಹುಯ್ಯುತ್ತಿದ್ದರಂತೆ. ಕಾರ್ಖಾನೆಯಲ್ಲಾದರೆ ಆಮೇಲೆ ನೀರು ಬಿಟ್ಟು ಬಿಟ್ಟು ತೊಳೆಯುತ್ತಾರೆ. ನಮ್ಮಲ್ಲಿ ದಿನ ಬಿಟ್ಟು ದಿನ ಬರುವ ನೀರಿನಲ್ಲಿ ಎಷ್ಟು ಎಂದು ತೊಳೆಯುವುದು? ಒಂದು ಕೊಡ ಬಿಟ್ಟು ನಿಲ್ಲಿಸುತ್ತಿದ್ದರಂತೆ. ನಿಮ್ಮಕ್ಕನಿಗೆ ಉಪ್ಪು ಆಗಲ್ಲವಲ್ಲ, ಅದಕ್ಕೇ ಇದು, ಎಂದು ಮಾವನಿಗೆ ಪಾಠ ಹೇಳುವವರ ಹಾಗೆ ಹೇಳಿದರು.

ನಾನು ತಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಎದ್ದೆ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್ ಎಂದು ಪಿಯುಸಿಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಆ ನೀರಲ್ಲಿ ತರಕಾರಿ ನೆನೆಸಿದವಳು ನಾನು, ಅಮ್ಮನಿಗೆ ಲೋಟ ಲೋಟ ಹಿಡಿದು ಕುಡಿಸಿದವಳು ನಾನು. ಕಿತ್ತಲೆ ಬಿಡಿಸಿ ಒಂದು ತೊಳೆ ಕೊಡಲು ಹೆದರಿ ನಡುಗುತ್ತಿದ್ದೆವು, ಚೊಂಬುಗಟ್ಟಲೆ ಅದನ್ನೇ ಕುಡಿಸಿದ್ದೆವು. ನಾನು ಅಪ್ಪನ ಎದುರು ನಿಂತು ಹುಚ್ಚಿಯ ಹಾಗೆ ಕೂಗಿದೆ. ನೀವು ಬೆಳೆಗೆ ಹಾಕುವ ಗೊಬ್ಬರವನ್ನು ಅಮ್ಮನಿಗೆ ಹಾಕಿದ್ದೀರಿ, ಡಾಕ್ಟರು ಹೇಳುವ ಪೊಟ್ಯಾಸಿಯಂ ಅದೇ, ಚೊಂಬಿನಲ್ಲಿ ಇಟ್ಟು ಹೋಗುತ್ತಿದ್ದದ್ದು ಅದೇ ಎಂದೆ. ಮಾವ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.

ಅಪ್ಪ ವಾಷರನ್ನು ಕೆಳಗಿಟ್ಟು ಎದ್ದರು. ಪೈಪನ್ನು ಅಪ್ಪಿ ಹಿಡಿದು ಅಲುಗಿಸಿ ಅಲುಗಿಸಿ ಕಿತ್ತು, ತೆಂಗಿನ ಮೋಟಿನ ಪಾತಿಗೆ ಬಗ್ಗಿಸಿ ರೆಸಿನ್ ಎಲ್ಲ ಸುರಿದುಬಿಟ್ಟರು. ಅಂಗಿ ಹಾಕಿಕೊಂಡು ಹೊರಗೆ ಹೋದರು. ಪೊಟ್ಯಾಷ್ ಎಂದರೂ ಡಾಕ್ಟರು ಹೇಳಿದ ಪೊಟ್ಯಾಸಿಯಂ ಎಂದರೂ ಒಂದೇ ಎಂದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಾಗುವುದು ಬೇಡವಾಗಿತ್ತೋ, ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೇಳುತ್ತಿರಲಿಲ್ಲ.

ಅಕ್ಕನನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಮಾವ ಹಟ ಹಿಡಿದ. ಇವರಿಗೆ ಅಡುಗೆ ಮಾಡುವವರು ಯಾರು ಎಂದು ಅಮ್ಮ ಒಪ್ಪಲಿಲ್ಲ. ನಲ್ಲಿಯ ಸೌಳು ನೀರನ್ನೇ ಕಾಯಿಸಿ ಆರಿಸಿ ಕೊಡತೊಡಗಿದೆ. ಬೇಳೆ ಮತ್ತೆ ಬೇಯದಾಯಿತು, ಅಪ್ಪ ಈಗ ತಟ್ಟೆ ಸರಿಸದೆ ತಿಂದರು. ಅಮ್ಮನ ತೊಡೆಗೆ ಶಕ್ತಿ ಬಂತು. ಒಂದು ತಿಂಗಳಾದ ಮೇಲೆ ರಕ್ತ ನೋಡಿದ ಡಾಕ್ಟರು ಮೊದಲ ಸಲ ನಕ್ಕರು. ಅಪ್ಪನನ್ನು ಒಳಗೆ ಕರೆದರು, ನಾನು ಪರದೆಯ ಈಚೆ ಅಮ್ಮನನ್ನು ಹಿಡಿದುಕೊಂಡು ನಿಂತಿದ್ದೆ. ನೋಡಿದಿರಾ, ಎಳನೀರು ನಿಲ್ಲಿಸಿದ ಮೇಲೆ ಹೇಗೆ ಇಳಿದಿದೆ, ನೀವು ಮಗಳ ಮೇಲೆ ಕಣ್ಣಿಟ್ಟಿದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ಈಗ ಹೇಳುತ್ತಾರೆ ಅಂದುಕೊಂಡೆ.

“ಹೌದು ಡಾಕ್ಟ್ರೇ,” ಎಂದರು ಅಪ್ಪ.

ಸುಳ್ಳು ಹೇಳುವ ಜಾತಿಯವರಲ್ಲ ಎಂದೆನಲ್ಲ, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಮನೆಗೆ ಬಂದು ಅಪ್ಪ ಕೆಲಸಕ್ಕೆ ಹೋದ ಮೇಲೆ ನಾನು ಅಮ್ಮನ ಮುಂದೆ ಕೂತು ಒಡಲಲ್ಲಿದ್ದ ಬೆಂಕಿಯನ್ನೆಲ್ಲ ಕಾರಿದೆ. ಅವರೇ ಮಾಡಿ, ಅವರೇ ಮುಚ್ಚಿಟ್ಟು, ನನ್ನ ತಲೆಗೆ ಕಟ್ಟಿದರಲ್ಲ. ಈ ಸಾಲಿನಲ್ಲಿ ನಾನು ತಲೆ ಎತ್ತಿ ಓಡಾಡುವುದು ಹೇಗೆ. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದೆ. ಅಮ್ಮ ಸೆರಗಿನ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಕೇಳುತ್ತಿದ್ದಳು. ಕೊನೆಗೆ ನನ್ನ ಮುಖ ನೋಡದೆ ಹೇಳಿದಳು:

“ಆ ನೀರು ಮೊದಲ್ನೇ ದಿನದಿಂದ್ಲೇ ಕಹಿ ಬತ್ತಿತ್ತು ಕಣೇ.”

ನನಗೆ ಅರ್ಥವಾಗಲಿಲ್ಲ. ಕಹಿ ಅಂದರೆ? ನಾವ್ಯಾರೂ ಕಂಡುಕೊಳ್ಳಲಿಲ್ಲವಲ್ಲ? ನೀವು ಸಾರು ಹುಳಿ ತಿನ್ನುವವರು, ನಿಮಗೆ ಹೇಗೆ ಗೊತ್ತಾಗಬೇಕು, ನನ್ನ ಬಾಯಿ ಸಪ್ಪೆ ತಿಂದು ತಿಂದು ಖಾಲಿಯಾಗಿತ್ತು, ಎಲ್ಲ ಗೊತ್ತಾಗುತ್ತಿತ್ತು ಎಂದಳು. ಕುಡಿದ ಮೇಲೆ ಹೊಟ್ಟೆ ತೊಳಸುತ್ತಿತ್ತಂತೆ. ಆ ನೀರಲ್ಲಿ ಏನೋ ಇದೆ ಎಂದು ಎರಡನೇ ಸಲ ಆಸ್ಪತ್ರೆಗೆ ಹೋದಾಗಲೇ ಅನ್ನಿಸಿತ್ತಂತೆ, ಅಲ್ಲಿನ ನೀರು ಕುಡಿದರೆ ತೊಳಸುತ್ತಿರಲಿಲ್ಲವಂತೆ.

ಅವರು ಮರ ಕಡಿದಾಗ ನೀನು ನೋಡುತ್ತಾ ನಿಂತಿದ್ದೆಯಲ್ಲ ಎಂದೆ. ಅವರು ನನ್ನ ಚೀಲ ತೆರೆದು ನೋಡುವಾಗ ನೀನು ಇಲ್ಲೇ ಮಲಗಿದ್ದೆ. ನಾನು ಕೊಡುತ್ತಿಲ್ಲ ಎಂದು ಈ ಪ್ರಪಂಚದಲ್ಲಿ ನಿನ್ನೊಬ್ಬಳಿಗೆ ಗೊತ್ತಿತ್ತು. ಯಾಕಮ್ಮ ಹೇಳಲಿಲ್ಲ?

“ಎಂಗೆ ಏಳ್ಲಿ? ಇಪ್ಪತ್ತೈದು ವರ್ಷದಾಗೆ ನಂಗೇ ಅಂತ ಅವ್ರು ಮಾಡಿದ್ದು ಅದೊಂದೇ ಕಣೇ.”

ನನ್ನ ಸಿಟ್ಟು ಅಲ್ಲಿಯವರೆಗೆ ಒಬ್ಬರ ಮೇಲಿತ್ತು, ನೆಟ್ಟಗಿತ್ತು. ಅವತ್ತಿನಿಂದ ಇಬ್ಬರ ಮೇಲೂ ಬಂತು. ಎದ್ದು ಒಳಗೆ ಹೋಗಿ ಮಾತ್ರೆಯ ಹೊತ್ತಾಯಿತೆಂದು ಕಾಯಿಸಿ ಆರಿಸಿದ ನಲ್ಲಿ ನೀರನ್ನು ಒಂದು ಲೋಟ ತಂದು ಅಮ್ಮನ ಮುಂದೆ ಕುಕ್ಕಿದೆ. ಮಾತ್ರೆ ನುಂಗಿ, ಎರಡು ಗುಟುಕು ಕುಡಿದು, ಅವಳು ಮುಖ ಕಿವುಚಿದಳು.

“ಕಹಿ ಇದ್ರೂ ಅದೇ ಚೆಂದಾಗಿತ್ತು,” ಎಂದಳು.

ಅದಾದ ಮೇಲೆ ಅಮ್ಮ ಎರಡು ವರ್ಷ ಬದುಕಿದಳು. ಅಷ್ಟೂ ದಿನ ಅವಳಿಗೆ ಸೌಳು ನೀರು ಕೊಟ್ಟವಳು ನಾನು.